ಮಾತ್ರೆ ಸಿಗದ ಊರಲ್ಲಿ ‘ಹುಚ್ಚನ ಅಟ್ಟಹಾಸ’

‘ಹುಚ್ಚನ ಅಟ್ಟಹಾಸ: ಬೆಚ್ಚಿಬಿದ್ದ ಗ್ರಾಮಸ್ಥರು’

ಈ ತಲೆಬರಹ ಕೊಟ್ಟವರು ನಮ್ಮವರೇ. ಪತ್ರಿಕೋದ್ಯಮ ಓದಿ ಮುಗಿಸಿ, ಜಿಲ್ಲಾ ಪತ್ರಿಕೆಯೊಂದಕ್ಕೆ ತಾಲ್ಲೂಕು ಸುದ್ದಿ ಕಳಿಸುತ್ತಿದ್ದ ದಿನಗಳಲ್ಲಿ ನಮ್ಮ ಗುಂಪಿನ ಗೆಳೆಯನೊಬ್ಬ ಬರೆದದ್ದು. ಮೊದಲ ಸಲ ಅವನ ಹೆಸರು ಪೇಪರಿನಲ್ಲಿ ಬಂದಿತ್ತು. ಆ ಖುಷಿಗೆ ನಾವೆಲ್ಲ ಅದರ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿಕೊಂಡೆವು.

ಸುದ್ದಿ ನಾಲ್ಕೇ ಸಾಲು. ಜಾತ್ರೆಯ ದಿನ ಮಾನಸಿಕ ಅಸ್ವಸ್ಥ ಯುವಕನೊಬ್ಬ ಅಂಗಡಿಗಳ ಮೇಲೆ ಕಲ್ಲು ತೂರಿದ. ತಡೆಯಲು ಹೋದ ಒಬ್ಬರ ಹಣೆ ಒಡೆಯಿತು. ಗ್ರಾಮಸ್ಥರು ಅವನನ್ನು ಹಿಡಿದು ಕಂಬಕ್ಕೆ ಕಟ್ಟಿದರು. ಆಮೇಲೆ ಪೊಲೀಸರಿಗೆ ಒಪ್ಪಿಸಿದರು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ.

ಆರು ತಿಂಗಳ ನಂತರ ಬೇರೆ ಕೆಲಸಕ್ಕೆಂದು ಅದೇ ಊರಿಗೆ ಹೋದಾಗ ಆ ಯುವಕನ ತಾಯಿ ನಮ್ಮನ್ನು ಗುರುತು ಹಿಡಿದರು. ಬೈಯಲಿಲ್ಲ. ನೀರು ಕೊಟ್ಟು ಕೂರಿಸಿ ಒಂದೇ ಮಾತು ಕೇಳಿದರು: “ನನ್ ಮಗ ಕಲ್ಲು ಹೊಡ್ದಿದ್ದು ಬರೆದ್ರಲ್ಲಪ್ಪಾ, ಹನ್ನೊಂದು ದಿನದಿಂದ ಅವ್ನು ಕಣ್ಣು ಮುಚ್ಚಿರಲಿಲ್ಲ ಅಂತ ಯಾಕ್ ಬರೀಲಿಲ್ಲ? ಮಾತ್ರೆ ಇಲ್ಲ ಅಂತ ಆಸ್ಪತ್ರೆಯೋರು ಮೂರು ಸಲ ವಾಪಸ್ ಕಳ್ಸಿದ್ದು ಯಾಕ್ ಬರೀಲಿಲ್ಲ?”

ನಾವು ಬರೆಯಲಿಲ್ಲ, ಯಾಕೆಂದರೆ ಕೇಳಲೇ ಇಲ್ಲ. ಕಲ್ಲಿನ ಸುದ್ದಿ ಠಾಣೆಯಿಂದ ಫೋನಿನಲ್ಲಿ ಸಿಕ್ಕಿತು. ಮಾತ್ರೆಯ ಸುದ್ದಿ ಸಿಗಬೇಕಾದರೆ ಬಸ್ಸು ಹತ್ತಿ ಅವರ ಮನೆಗೆ ಹೋಗಬೇಕಿತ್ತು.

ಈ ಬರಹ ಆ ತಪ್ಪಿನಿಂದ ಹುಟ್ಟಿದ್ದು. ಆ ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇವೆ. ಹೆಸರು, ಊರು ಹಾಕುವುದಿಲ್ಲ. ಹೆಸರು ಬೇಕಾಗಿಯೂ ಇಲ್ಲ. ಇಂಥ ಮನೆ ನಿಮ್ಮ ಊರಲ್ಲೂ ಒಂದಿದೆ.

ಕಾಯಿಲೆ ಯಾವುದು

ಆ ಯುವಕನಿಗೆ ಇದ್ದದ್ದು ಬೈಪೋಲಾರ್ ಎನ್ನುವ ಕಾಯಿಲೆ. ಕನ್ನಡದಲ್ಲಿ ದ್ವಿಧ್ರುವ ಮನೋರೋಗ ಎಂದು ಬರೆಯುತ್ತಾರೆ. ಊರಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ, ತಲೆ ಕೆಟ್ಟಿದೆ ಎನ್ನುತ್ತಾರೆ.

ಪಂಪ್‌ಸೆಟ್ ಇರುವವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಲೈನಿನಲ್ಲಿ ವೋಲ್ಟೇಜ್ ವಿಪರೀತ ಏರಿದರೂ ಮೋಟಾರು ಸುಡುತ್ತದೆ, ತೀರಾ ಇಳಿದರೂ ಸುಡುತ್ತದೆ. ಬೈಪೋಲಾರ್ ಇರುವವರ ಮನಸ್ಸಿಗೂ ಹೀಗೇ ಏರು ಇಳಿತ. ಏರಿದಾಗ ಅದನ್ನು ಉನ್ಮಾದ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಮೇನಿಯಾ. ಎರಡು ಗಂಟೆ ಮಲಗಿದರೂ ಸುಸ್ತಾಗುವುದಿಲ್ಲ. ಮಾತು ನಿಲ್ಲುವುದಿಲ್ಲ. ಇದ್ದಬದ್ದ ದುಡ್ಡು ಖರ್ಚಾಗುತ್ತದೆ. ನಾನೇ ದೊಡ್ಡವನು, ನನಗೆ ದೇವರ ಅಪ್ಪಣೆಯಾಗಿದೆ ಎನ್ನುವ ಭಾವ ಬರುತ್ತದೆ. ಅಡ್ಡ ಬಂದವರ ಮೇಲೆ ಸಿಟ್ಟು ಏರುತ್ತದೆ. ಇಳಿದಾಗ ಅದು ಖಿನ್ನತೆ. ಎದ್ದು ಮುಖ ತೊಳೆಯುವುದೂ ಭಾರ. ಸಾಯಬೇಕು ಎನ್ನುವ ಯೋಚನೆ. ಈ ಎರಡರ ನಡುವೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಎಲ್ಲರ ಹಾಗೆಯೇ ದುಡಿದು ಉಂಡು ಬದುಕುತ್ತಾರೆ. ಆ ಯುವಕ ನಾಲ್ಕು ವರ್ಷ ಟ್ರ್ಯಾಕ್ಟರ್ ಓಡಿಸಿದ್ದಾನೆ, ಒಂದು ದಿನವೂ ಯಾರ ಬದುವಿಗೂ ಹತ್ತಿಸಿಲ್ಲ.

ಸಾಮಾನ್ಯವಾಗಿ ಈ ಕಾಯಿಲೆ ಕಾಣಿಸಿಕೊಳ್ಳುವುದು ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನಲ್ಲಿ. ಅಂದರೆ ಕಾಲೇಜು, ಕೆಲಸ, ಮದುವೆಯ ವಯಸ್ಸಿನಲ್ಲಿ. ವಂಶವಾಹಿಯ ಪಾತ್ರವೂ ಇದೆ. ಯಾರ ಶಾಪವೂ ಇದಕ್ಕೆ ಕಾರಣವಲ್ಲ.

ಇದಕ್ಕೆ ಔಷಧಿ ಇದೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎನ್ನುವ ವೈದ್ಯರು ಉನ್ಮಾದಕ್ಕೆ ಲಿಥಿಯಂ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಎಪ್ಪತ್ತು ವರ್ಷ ದಾಟಿದರೂ ಈ ಕಾಯಿಲೆಗೆ ಅದು ಇಂದಿಗೂ ಮುಖ್ಯ ಔಷಧಿ. ಇಂಥ ಔಷಧಿಗಳನ್ನು ವೈದ್ಯರು ‘ಮೂಡ್ ಸ್ಟೆಬಿಲೈಜರ್’ ಎಂದೇ ಕರೆಯುತ್ತಾರೆ. ಟಿವಿಗೆ ಸ್ಟೆಬಿಲೈಜರ್ ಹಾಕಿಸಿದ ಯಾರಿಗೂ ಬೇರೆ ವಿವರಣೆ ಬೇಡ.

ಕಾಯಿಲೆಗೂ ಹೊಡೆದಾಟಕ್ಕೂ ಸಂಬಂಧ ಇದೆಯಾ?

ಇಲ್ಲವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಹಣೆ ಒಡೆಸಿಕೊಂಡವರಿಗೆ ಮೋಸ ಮಾಡಿದಂತೆ. ಆದರೆ ಎಷ್ಟು ಸಂಬಂಧ, ಯಾವಾಗ, ಯಾಕೆ ಎಂದು ಕೇಳದೆ ತಲೆಬರಹ ಬರೆದರೆ ಅದೂ ಮೋಸವೇ.

ಸ್ವೀಡನ್ ದೇಶದಲ್ಲಿ ಆಸ್ಪತ್ರೆಯ ದಾಖಲೆ ಮತ್ತು ನ್ಯಾಯಾಲಯದ ದಾಖಲೆ ಎರಡನ್ನೂ ಜೋಡಿಸಿ ನೋಡಲು ಸಾಧ್ಯವಿದೆ. ಅಲ್ಲಿ ಬೈಪೋಲಾರ್ ಇರುವ 3,743 ಜನರನ್ನು, ಇಲ್ಲದ ಸುಮಾರು 37,000 ಜನರ ಜೊತೆ ಹೋಲಿಸಿ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕಾಯಿಲೆ ಇದ್ದವರಲ್ಲಿ ಹಿಂಸೆಯ ಅಪರಾಧ ಮಾಡಿದವರು ಶೇ 8.4. ಇಲ್ಲದವರಲ್ಲಿ ಶೇ 3.5. ಹೌದು, ಹೆಚ್ಚು. ಆದರೆ ಮೊದಲು ಇನ್ನೊಂದು ಲೆಕ್ಕ ನೋಡಿ. ಕಾಯಿಲೆ ಇದ್ದ ನೂರರಲ್ಲಿ ತೊಂಬತ್ತೊಂದಕ್ಕೂ ಹೆಚ್ಚು ಜನ ಯಾರ ಮೇಲೂ ಕೈ ಮಾಡಿದ ದಾಖಲೆ ಇಲ್ಲ.

ಅದೇ ಅಧ್ಯಯನ ಇನ್ನೊಂದು ಪ್ರಶ್ನೆ ಕೇಳಿತು. ಈ ಹೆಚ್ಚಳ ಎಲ್ಲಿಂದ ಬಂತು? ಕಾಯಿಲೆಯ ಜೊತೆ ಕುಡಿತ ಅಥವಾ ಮಾದಕ ವಸ್ತುವಿನ ಚಟವೂ ಇದ್ದವರಲ್ಲಿ ಅಪಾಯ ಸಾಮಾನ್ಯ ಜನರಿಗಿಂತ 6.4 ಪಟ್ಟು ಇತ್ತು. ಚಟ ಇಲ್ಲದ, ಬರೀ ಕಾಯಿಲೆ ಇದ್ದವರಲ್ಲಿ 1.3 ಪಟ್ಟು. ಅಂದರೆ ಉಳಿದವರಿಗೂ ಅವರಿಗೂ ಅಂತರ ಅತ್ಯಲ್ಪ.

ಅದೇ ದೇಶದಲ್ಲಿ 80,000ಕ್ಕೂ ಹೆಚ್ಚು ರೋಗಿಗಳನ್ನು ನೋಡಿದ ಇನ್ನೊಂದು ಅಧ್ಯಯನ 2014ರಲ್ಲಿ ಬಂತು. ಅದು ಒಬ್ಬೊಬ್ಬ ರೋಗಿಯ ಮಾತ್ರೆ ತೆಗೆದುಕೊಂಡ ದಿನಗಳನ್ನೂ ತೆಗೆದುಕೊಳ್ಳದ ದಿನಗಳನ್ನೂ ಹೋಲಿಸಿತು. ಬೈಪೋಲಾರ್ ಇರುವವರು ಸ್ಟೆಬಿಲೈಜರ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ದಿನಗಳಲ್ಲಿ ಹಿಂಸೆಯ ಅಪರಾಧ ಕಡಿಮೆಯಾಗಿತ್ತು. ಮನುಷ್ಯ ಅವನೇ, ಕಾಯಿಲೆ ಅದೇ. ಬದಲಾದದ್ದು ಮಾತ್ರೆ.

ಈ ಎರಡನ್ನೂ ಕೂಡಿಸಿ ಓದಿ. ಅಪಾಯದ ದೊಡ್ಡ ಪಾಲು ಕುಡಿತದ ಕಡೆಗೂ ಮಾತ್ರೆ ತಪ್ಪುವ ಕಡೆಗೂ ಇದೆ. ಆದರೆ ತಲೆಬರಹದಲ್ಲಿ ನಿಂತದ್ದು ‘ಹುಚ್ಚ’ ಒಬ್ಬನೇ.

ಇನ್ನು ನಮ್ಮ ದೇಶದ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 28,522. ಕಾರಣಗಳ ಪಟ್ಟಿಯಲ್ಲಿ ಮೊದಲು ಇರುವುದು ಜಗಳ, ವ್ಯಾಜ್ಯ: 9,962. ಆಮೇಲೆ ಹಗೆತನ: 3,761. ಆಮೇಲೆ ದುಡ್ಡಿನ ಆಸೆ: 1,884. ಬದು ಒತ್ತಿದ್ದಕ್ಕೆ, ಬೋರ್‌ವೆಲ್ ನೀರಿಗೆ, ಅಣ್ಣತಮ್ಮಂದಿರ ಭಾಗಕ್ಕೆ ಮಚ್ಚು ಎತ್ತಿದವರನ್ನು ನಾವು ನೀವು ಕಂಡಿದ್ದೇವೆ. ಅವರಿಗೆ ಯಾರೂ ಹುಚ್ಚರು ಎನ್ನಲಿಲ್ಲ. ‘ಜಮೀನು ವಿವಾದ: ವ್ಯಕ್ತಿಯ ಕೊಲೆ’ ಎಂದು ಬರೆದೆವು. ಅಲ್ಲಿ ಜಮೀನನ್ನು ಕಾರಣ ಮಾಡಿ ಮನುಷ್ಯನನ್ನು ಬಿಟ್ಟೆವು. ಇಲ್ಲಿ ಮನುಷ್ಯನನ್ನೇ ಕಾರಣ ಮಾಡಿ ಉಳಿದದ್ದನ್ನೆಲ್ಲ ಬಿಟ್ಟೆವು.

ಇನ್ನೂ ಒಂದು ಮಾತು. ದಿನಾ ಕುಡಿದು ಬಂದು ಹೆಂಡತಿಗೆ ಹೊಡೆಯುವ ಗಂಡಸು ನಮ್ಮ ಬೀದಿಬೀದಿಯಲ್ಲೂ ಇದ್ದಾನೆ. ಅವನನ್ನು ಯಾರೂ ಕಂಬಕ್ಕೆ ಕಟ್ಟಿಲ್ಲ. “ಸಂಸಾರದ ವಿಚಾರ, ನಮಗ್ಯಾಕೆ” ಎಂದು ಬಾಗಿಲು ಹಾಕಿಕೊಂಡಿದ್ದೇವೆ. ಆರೋಗ್ಯ ಸರಿಯಿರುವವನ ಹೊಡೆತ ಸಂಸಾರದ ವಿಚಾರ, ಕಾಯಿಲೆಯವನ ಕಲ್ಲು ಊರಿನ ವಿಚಾರ. ಇದು ಯಾವ ನ್ಯಾಯ?

ಹೆಂಡ ಬರುತ್ತದೆ, ಮಾತ್ರೆ ಬರುವುದಿಲ್ಲ

ಆ ಜಾತ್ರೆಗೆ ಮುಂಚಿನ ಎರಡು ತಿಂಗಳ ಕಥೆ ತಾಯಿ ಹೇಳಿದಂತೆ ಇದು.

ಮಗನಿಗೆ ಮೂರು ವರ್ಷದಿಂದ ಮಾತ್ರೆ ನಡೆಯುತ್ತಿತ್ತು. ಮಂಗಳವಾರ ಆಸ್ಪತ್ರೆಗೆ ಹೋಗಬೇಕು. ಒಂದು ಮಂಗಳವಾರ ಹೋದಾಗ “ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ” ಎಂದರು. ಮುಂದಿನ ವಾರ ಡಾಕ್ಟರ್ ರಜೆ. ಅದರ ಮುಂದಿನ ವಾರ ಮತ್ತೆ ಸ್ಟಾಕ್ ಇಲ್ಲ. ಹೋಗಿ ಬರುವ ದಿನ ಇಬ್ಬರಿಗೂ ಕೂಲಿ ಇಲ್ಲ, ಮೇಲೆ ಬಸ್ ಚಾರ್ಜು. ಮೆಡಿಕಲ್ ಶಾಪಿನಲ್ಲಿ ಒಮ್ಮೆ ಕೊಂಡರು, ಎರಡನೇ ಸಲ ಕೈಯಲ್ಲಿ ದುಡ್ಡಿರಲಿಲ್ಲ. “ಚೆನ್ನಾಗೇ ಇದಾನಲ್ಲ, ಬಿಡು” ಎಂದು ಯಾರೋ ಹೇಳಿದರು. ಬಿಟ್ಟರು.

ಸುಮಾರು ಐದು ವಾರಕ್ಕೆ ನಿದ್ದೆ ಹೋಯಿತು. ಆಮೇಲೆ ಮಾತು ಹೆಚ್ಚಾಯಿತು. ಗೆಳೆಯರು ಕೂರಿಸಿಕೊಂಡು ಕುಡಿಸಿದರು. ಅವನು ಏರಿದಾಗ ಆಡುವ ಮಾತು ಅವರಿಗೆ ತಮಾಷೆ. ಹನ್ನೊಂದನೇ ದಿನ ಜಾತ್ರೆ. ಮೈಕಿನ ಸದ್ದು, ಜನ, ಕುಡಿತ. ಅಂಗಡಿ ಮುಂದೆ ಯಾರೋ “ಏ ಹುಚ್ಚಾ, ಕುಣಿಯೋ” ಎಂದರು. ಕಲ್ಲು ಎತ್ತಿದ.

ಈಗ ಹೇಳಿ, ಆ ಕಲ್ಲು ಎಲ್ಲಿಂದ ಶುರುವಾಯಿತು?

ನಮ್ಮ ಕಡೆಯ ಹಳ್ಳಿಗಳಲ್ಲಿ ಪೆಟ್ಟಿಗೆ ಅಂಗಡಿಯಲ್ಲೂ ಪ್ಯಾಕೆಟ್ಟು ಸಿಗುತ್ತದೆ. ಅದು ಕಾನೂನಿಗೆ ವಿರುದ್ಧ ಎಂದು ಮಾರುವವರಿಗೂ ಗೊತ್ತು, ತಿಂಗಳ ಮಾಮೂಲಿ ಪಡೆಯುವವರಿಗೂ ಗೊತ್ತು. ಮಳೆ ಬರಲಿ, ಬಂದ್ ಆಗಲಿ, ಹೆಂಡ ‘ಸ್ಟಾಕ್ ಇಲ್ಲ’ ಎಂದು ಯಾವತ್ತೂ ಆದದ್ದಿಲ್ಲ. ಲಿಥಿಯಂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆ. ಅದು ತಾಲ್ಲೂಕಿಗೆ ಬಂದು ಮುಟ್ಟುವುದಿಲ್ಲ. ಕಾಯಿಲೆ ಕೆರಳಿಸುವ ವಸ್ತು ಮನೆ ಬಾಗಿಲಿಗೆ, ಕಾಯಿಲೆ ಇಳಿಸುವ ವಸ್ತು ಮೂವತ್ತು ಕಿಲೋಮೀಟರ್ ಆಚೆಗೆ, ಅದೂ ಇಲ್ಲ. ಇಂಥ ವ್ಯವಸ್ಥೆ ಮಾಡಿಟ್ಟುಕೊಂಡು ‘ಬೆಚ್ಚಿಬಿದ್ದ ಗ್ರಾಮಸ್ಥರು’ ಎನ್ನುತ್ತೇವೆ.

ಇದು ಕರ್ನಾಟಕಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಹಳ್ಳಿಯ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಕೊಡಬಹುದು ಎಂದು ದೇಶಕ್ಕೆ ತೋರಿಸಿದ್ದೇ ನಮ್ಮ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅದನ್ನು ಮಾಡಿ ತೋರಿಸಿದರು. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ನಮ್ಮ ರಾಜ್ಯದ್ದೇ. ಒಳ್ಳೆಯ ಯೋಜನೆ. ಅದನ್ನು ನಂಬಿ ಸಾವಿರಾರು ಮನೆಗಳು ಇವತ್ತು ನೆಮ್ಮದಿಯಾಗಿವೆ. ಆದರೆ ಮಂಗಳವಾರ ಡಾಕ್ಟರ್ ಬಂದು ಚೀಟಿ ಬರೆದು ಹೋದ ಮೇಲೆ ಕಪಾಟಿನಲ್ಲಿ ಮಾತ್ರೆ ಇಲ್ಲದಿದ್ದರೆ, ಆ ಚೀಟಿಯಿಂದ ಏನು ಪ್ರಯೋಜನ?

2015–16ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ಬದುಕಿನಲ್ಲಿ ಯಾವಾಗಲಾದರೂ ಬೈಪೋಲಾರ್ ಬಂದವರು ವಯಸ್ಕರಲ್ಲಿ ಶೇ 0.5. ಸಾವಿರ ವಯಸ್ಕರಿಗೆ ಐದು ಜನ. ನಿಮ್ಮ ಪಂಚಾಯ್ತಿಯ ಮತದಾರರ ಪಟ್ಟಿಯನ್ನು ತೆಗೆದು ಲೆಕ್ಕ ಹಾಕಿಕೊಳ್ಳಿ. ಈ ಕಾಯಿಲೆ ಇರುವವರಲ್ಲಿ ಶೇ 70ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದೂ ಅದೇ ಸಮೀಕ್ಷೆ ಹೇಳಿತು. ಹತ್ತರಲ್ಲಿ ಏಳು ಜನ. ನಮ್ಮ ತಲೆಬರಹ ಆ ಏಳು ಜನರ ಬಗ್ಗೆ ಇರಬೇಕಿತ್ತು.

ಕಟ್ಟಿದ್ದೂ ಅಪರಾಧ, ಹಂಚಿದ್ದೂ ಅಪಚಾರ

ಅವನನ್ನು ಕಂಬಕ್ಕೆ ಕಟ್ಟಿದರು. ಕಟ್ಟಿದ ಮೇಲೂ ಹೊಡೆದರು. ಯಾರೋ ವಿಡಿಯೊ ಮಾಡಿದರು. ಅದು ಸಂಜೆಯೊಳಗೆ ತಾಲ್ಲೂಕಿನ ಅಷ್ಟೂ ಗ್ರೂಪಿಗೆ ಮುಟ್ಟಿತು. ವಿಡಿಯೊದಲ್ಲಿ ಅವನ ಲುಂಗಿ ಜಾರಿದೆ. ಹಿನ್ನೆಲೆಯಲ್ಲಿ ನಗು ಕೇಳಿಸುತ್ತದೆ.

ಒಂದು ಕಲ್ಲು, ಒಂದು ಹಣೆ. ಅದಕ್ಕೆ ಎದುರಾಗಿ ಇಪ್ಪತ್ತು ಜನರ ಕೈ. ಆದರೆ ‘ಹಿಂಸಾತ್ಮಕ’ ಎನ್ನುವ ಪದ ನಾವು ಒಬ್ಬನಿಗೆ ಮಾತ್ರ ಬಳಸಿದೆವು. ಮನಸ್ಸಿನ ಕಾಯಿಲೆ ಇರುವವರು ಬೇರೆಯವರಿಂದ ಹಿಂಸೆಗೆ ಒಳಗಾಗುವ ಸಾಧ್ಯತೆ, ಕಾಯಿಲೆ ಇಲ್ಲದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವರದಿ 2012ರಲ್ಲಿ ಬಂದಿದೆ. ನಮ್ಮ ಊರಿನ ಆ ಕಂಬಕ್ಕೆ ವರದಿ ಬೇಕಿರಲಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದರಿಂದ ಓಡಲಾಗದೆ ಇಪ್ಪತ್ತೈದಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಈಗಲೂ “ಕಟ್ಟಿ ಹಾಕದೆ ಇನ್ನೇನು ಮಾಡಬೇಕಿತ್ತು” ಎನ್ನುವವರು ಒಮ್ಮೆ ಏರ್ವಾಡಿಯನ್ನು ನೆನೆಯಬೇಕು.

ಇನ್ನೇನು ಮಾಡಬೇಕಿತ್ತು ಎನ್ನುವುದು ಕಾನೂನಿನಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 95ನೇ ಸೆಕ್ಷನ್ ಪ್ರಕಾರ ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ. 100ನೇ ಸೆಕ್ಷನ್ ಪೊಲೀಸರಿಗೆ ಕರ್ತವ್ಯ ಹೇಳುತ್ತದೆ: ಕಾಯಿಲೆಯಿಂದಾಗಿ ತನಗೋ ಬೇರೆಯವರಿಗೋ ಅಪಾಯ ತರಬಹುದು ಎನಿಸಿದವರನ್ನು ರಕ್ಷಣೆಗೆ ತೆಗೆದುಕೊಳ್ಳಬೇಕು, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡಲೇಬಾರದು. ಆ ಯುವಕ ಆ ರಾತ್ರಿ ಕಳೆದದ್ದು ಲಾಕಪ್ಪಿನಲ್ಲಿ. ಇದನ್ನೂ ನಾವು ಬರೆಯಲಿಲ್ಲ, ಸೆಕ್ಷನ್ ಇದೆ ಎಂದು ನಮಗೇ ಗೊತ್ತಿರಲಿಲ್ಲ. ಪತ್ರಿಕೋದ್ಯಮದ ಪದವಿ ಪಡೆದವರು ನಾವು!

ಇದೇ ಕಾಯ್ದೆಯ 24ನೇ ಸೆಕ್ಷನ್ ಮಾಧ್ಯಮದವರು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕಾದದ್ದು. ಚಿಕಿತ್ಸೆಯಲ್ಲಿರುವ ಮನೋರೋಗಿಯ ಫೋಟೊ, ವಿವರಗಳನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. 2019ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯೂ ಇದನ್ನೇ ಹೇಳಿದೆ.

ಹಾಗಾದರೆ ಪೆಟ್ಟು ತಿಂದವರ ಗತಿ?

ಈ ಪ್ರಶ್ನೆ ನ್ಯಾಯವಾದದ್ದು. ತಪ್ಪಿಸಿಕೊಳ್ಳುವುದಿಲ್ಲ.

ಉನ್ಮಾದ ಏರಿದಾಗ ಪೆಟ್ಟು ಬಿದ್ದರೆ ಅದು ಹೆಚ್ಚಾಗಿ ಬೀಳುವುದು ಬೀದಿಯವರಿಗಲ್ಲ, ಮನೆಯವರಿಗೆ. ತಾಯಿಗೆ, ಹೆಂಡತಿಗೆ, ತಮ್ಮನಿಗೆ. “ಕಾಯಿಲೆ ಅಲ್ವಾ, ಸಹಿಸ್ಕೋ” ಎಂದು ಅವರಿಗೆ ಹೇಳುವುದು ಕ್ರೂರ. ಅಪಾಯ ಕಂಡರೆ ಆ ಹೆಣ್ಣುಮಗಳು ಮಕ್ಕಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಬೇಕು. ಪಕ್ಕದ ಮನೆಯವರು ಬಾಗಿಲು ತೆಗೆಯಬೇಕು. ಕಾಯಿಲೆ ಇದೆ ಎನ್ನುವುದು ಹೊಡೆಯಲು ಪರವಾನಗಿ ಅಲ್ಲ. ಹಣೆ ಒಡೆದವರಿಗೂ ಚಿಕಿತ್ಸೆಯ ಖರ್ಚು, ಸಮಾಧಾನ ಎರಡೂ ಸಿಗಬೇಕು.

ಆದರೆ ಒಂದು ಮಾತು. ಆ ತಾಯಿಗೆ, ಆ ಹೆಂಡತಿಗೆ ನಿಜವಾದ ರಕ್ಷಣೆ ಯಾವುದು? ಮಗ ಮಾತ್ರೆ ತಪ್ಪಿಸದಿರುವುದು. ಅವನಿಗೆ ಯಾರೂ ಕುಡಿಸದಿರುವುದು. ನಿದ್ದೆ ತಪ್ಪಿದ ಮೂರನೇ ದಿನವೇ ಆಸ್ಪತ್ರೆಗೆ ಕರೆದೊಯ್ಯಲು ಒಂದು ಗಾಡಿ ಸಿಗುವುದು. ‘ಹುಚ್ಚ’ ಎಂದು ಊರು ಹೆಸರಿಟ್ಟರೆ ಏನಾಗುತ್ತದೆ? ಮನೆಯವರು ಕಾಯಿಲೆಯನ್ನು ಬಚ್ಚಿಡುತ್ತಾರೆ. ಮಂಗಳವಾರದ ಸಾಲಿನಲ್ಲಿ ಊರವರು ನೋಡಿಬಿಟ್ಟರೆ ಎಂದು ಹೋಗುವುದೇ ಇಲ್ಲ. ತಂಗಿಗೆ ಗಂಡು ಬರುವುದಿಲ್ಲ ಎಂದು ಚೀಟಿಯನ್ನೇ ಸುಡುತ್ತಾರೆ. ಬಚ್ಚಿಟ್ಟ ಕಾಯಿಲೆ ಏರುತ್ತದೆ. ಅಂದರೆ ಈ ಭಯದ ಸುದ್ದಿಗಳು ಭಯವನ್ನು ಕಡಿಮೆ ಮಾಡುತ್ತಿಲ್ಲ, ಮುಂದಿನ ಕಲ್ಲನ್ನು ತಯಾರು ಮಾಡುತ್ತಿವೆ.

ಇನ್ನೂ ಒಂದನ್ನು ಮರೆಯಬಾರದು. ಈ ಕಾಯಿಲೆ ಇರುವವರಿಂದ ಅತಿ ಹೆಚ್ಚು ಅಪಾಯ ಇರುವುದು ಅವರಿಗೇ. ಆತ್ಮಹತ್ಯೆಯ ಸಾಧ್ಯತೆ ಸಾಮಾನ್ಯರಿಗಿಂತ ಹಲವು ಪಟ್ಟು. ಕ್ರಿಮಿನಾಶಕದ ಡಬ್ಬಿ ಮನೆಯ ಮೂಲೆಯಲ್ಲೇ ಇರುವ ನಮ್ಮ ಹಳ್ಳಿಗಳಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವರು ಸತ್ತಾಗ ‘ಜೀವನದಲ್ಲಿ ಜಿಗುಪ್ಸೆ’ ಎಂದು ಎರಡು ಸಾಲು ಬರೆದು ಮುಗಿಸುತ್ತೇವೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಸುದ್ದಿಯೂ ಆಗುವುದಿಲ್ಲ. ಏರಿದರೆ ಮೈಮೇಲೆ ದೇವರು, ಇಳಿದರೆ ಸೋಮಾರಿತನ, ಮತ್ತೂ ಆದರೆ ತವರಿಗೆ ಅಟ್ಟುವುದು. ಹೆರಿಗೆಯಾದ ದಿನಗಳಲ್ಲಿ ಬರುವ ಬಾಣಂತಿ ಸನ್ನಿಗೂ ಈ ಕಾಯಿಲೆಗೂ ಹತ್ತಿರದ ನಂಟಿದೆ. ಅದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಬಾಣಂತಿ ನಿದ್ದೆ ಬಿಟ್ಟು ಏನೇನೋ ಮಾತಾಡಿದರೆ ಹೊಗೆ ಹಾಕಿ, ಬೇವಿನ ಸೊಪ್ಪಿನಲ್ಲಿ ಹೊಡೆಯಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ

ಓದುವವರಲ್ಲಿ ಕೆಲವರ ಮನೆಯಲ್ಲೇ ಈ ಕಾಯಿಲೆ ಇರಬಹುದು. ಅವರಿಗಾಗಿ ಇಷ್ಟು.

ನಿದ್ದೆಯ ಮೇಲೆ ಕಣ್ಣಿಡಿ. ಏರುವ ಮೊದಲ ಗುರುತು ಅನೇಕರಲ್ಲಿ ಅದೇ. ಎರಡು ಮೂರು ರಾತ್ರಿ ನಿದ್ದೆ ಕಡಿಮೆಯಾಗಿ, ಆದರೂ ಸುಸ್ತಿಲ್ಲದೆ ಓಡಾಡುತ್ತಿದ್ದರೆ ಕಾಯಬೇಡಿ.

ಏರಿದವರ ಜೊತೆ ವಾದಕ್ಕೆ ಇಳಿಯಬೇಡಿ. ಸುತ್ತ ಜನ ಸೇರಿಸಬೇಡಿ. ಮೆಲ್ಲಗೆ ಮಾತಾಡಿ. ಮಚ್ಚು, ಕುಡುಗೋಲು, ಕ್ರಿಮಿನಾಶಕ, ಬೈಕಿನ ಕೀಲಿ ಕೈಗೆ ಸಿಗದಂತೆ ಎತ್ತಿಡಿ.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಚೆನ್ನಾಗಿದ್ದಾರೆ ಎಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದು ಅರ್ಥ.

ಲಿಥಿಯಂ ತೆಗೆದುಕೊಳ್ಳುವವರಿಗೆ ಆಗಾಗ ರಕ್ತ ಪರೀಕ್ಷೆ ಬೇಕು. ಪ್ರಮಾಣ ಹೆಚ್ಚಾದರೆ ವಿಷವಾಗುತ್ತದೆ. ಬಿಸಿಲಲ್ಲಿ ದುಡಿಯುವವರು ನೀರು ಚೆನ್ನಾಗಿ ಕುಡಿಯಬೇಕು, ಉಪ್ಪನ್ನು ಒಮ್ಮೆಲೇ ಬಿಡಬಾರದು. ವಾಂತಿ ಭೇದಿ ಹತ್ತಿದರೆ ಡಾಕ್ಟರಿಗೆ ಹೇಳಬೇಕು. ಮೈಕೈ ನೋವೆಂದು ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ನುಂಗಬಾರದು, ಕೆಲವು ನೋವಿನ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ಮಗು ಬಯಸುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರ್ ಜೊತೆ ಮಾತಾಡಬೇಕು. ವ್ಯಾಲ್‌ಪ್ರೊಯೇಟ್ ಎನ್ನುವ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು.

ದಾರಿ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಕೂಡಲೇ ಆಸ್ಪತ್ರೆಗೆ ಸೇರಿಸಬೇಕಾದರೆ 108. ಯಾರ ಜೀವಕ್ಕಾದರೂ ಅಪಾಯವಿದ್ದರೆ 112. ಪೊಲೀಸರು ಬಂದರೆ “ಕಾಯಿಲೆ ಇದೆ, ಸೆಕ್ಷನ್ 100, ಆಸ್ಪತ್ರೆಗೆ ಕರೆದುಕೊಂಡು ಹೋಗಿ” ಎಂದು ಧೈರ್ಯವಾಗಿ ಹೇಳಿ.

ನಾವು ಕೇಳುವುದು, ನಾವು ಮಾಡುವುದು

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಎತ್ತಿ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕಳೆದ ಆರು ತಿಂಗಳಲ್ಲಿ ಲಿಥಿಯಂ, ವ್ಯಾಲ್‌ಪ್ರೊಯೇಟ್ ಎಷ್ಟು ದಿನ ಇರಲಿಲ್ಲ? ಮನೋವೈದ್ಯರು ಎಷ್ಟು ಮಂಗಳವಾರ ಬಂದರು? ಮಾತ್ರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಯಾಕೆ ಕೊಡುವುದಿಲ್ಲ? ಪೆಟ್ಟಿಗೆ ಅಂಗಡಿಯ ಹೆಂಡ ಯಾವಾಗ ನಿಲ್ಲುತ್ತದೆ? ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅರ್ಜಿ ಬರೆಯಲು ಬಾರದಿದ್ದರೆ ನಮ್ಮನ್ನು ಕೇಳಿ, ಬರೆದುಕೊಡುತ್ತೇವೆ. ನಮ್ಮ ತಾಲ್ಲೂಕಿನ ಅರ್ಜಿ ಆಗಲೇ ಹೋಗಿದೆ.

ನಮ್ಮ ಕಡೆಯಿಂದ ಇಷ್ಟು ಮಾತು ಕೊಡುತ್ತೇವೆ. ‘ಹುಚ್ಚ’, ‘ಅಟ್ಟಹಾಸ’ ಎನ್ನುವ ಪದಗಳು ಇಲ್ಲಿ ಇನ್ನು ಕಾಣುವುದಿಲ್ಲ. ಅಪರಾಧದ ಸುದ್ದಿಯಲ್ಲಿ ಕಾಯಿಲೆಯ ಹೆಸರು ಹಾಕಬೇಕಾದರೆ ಡಾಕ್ಟರ್ ಹೇಳಿದ್ದು ಇರಬೇಕು, ಕಾಯಿಲೆಗೂ ಘಟನೆಗೂ ಸಂಬಂಧ ಇರಬೇಕು. ಠಾಣೆಯವರೋ ಪಕ್ಕದ ಮನೆಯವರೋ ಅಂದದ್ದು ಸಾಲದು. ಕಾಯಿಲೆ ಬರೆದರೆ ಚಿಕಿತ್ಸೆ ಸಿಗುತ್ತಿತ್ತಾ ಎಂದೂ ಬರೆಯುತ್ತೇವೆ. ಮನೆಗೆ ಹೋಗದೆ ಬರೆಯುವುದಿಲ್ಲ.

ಆ ಯುವಕ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಆದರೆ ಟ್ರ್ಯಾಕ್ಟರ್ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಜಾತ್ರೆ ಮುಗಿದ ವಾರವೇ ಹಣೆ ಒಡೆದವರ ಮನೆಗೆ ಹೋಗಿ ಕೈ ಮುಗಿದು ಬಂದನಂತೆ. ಅವರು ಕ್ಷಮಿಸಿದ್ದಾರೆ. ಅವನನ್ನು ಕಟ್ಟಿದವರು, ಕುಡಿಸಿದವರು, ಕುಣಿ ಎಂದವರು ಯಾರೂ ಇವನ ಮನೆಗೆ ಬಂದಿಲ್ಲ. ನಮ್ಮ ಗೆಳೆಯ ಹೋಗಿದ್ದ, ತಲೆಬರಹದ ತಪ್ಪು ಒಪ್ಪಿಕೊಂಡು ಬಂದ.

ಅವತ್ತು ನಾವು ಹೊರಡುವಾಗ ಅವನು ಬಾಗಿಲವರೆಗೆ ಬಂದು ಕೇಳಿದ್ದು ಇದೊಂದೇ: “ಅಣ್ಣಾ, ನೀವು ಮೀಡಿಯಾದೋರಲ್ವಾ, ಆ ವಿಡಿಯೊ ಎಲ್ಲಾರ್ ಫೋನಿಂದ್ಲೂ ತೆಗೆಯೋಕಾಗುತ್ತಾ?”

ಆಗುವುದಿಲ್ಲ ಎಂದು ಹೇಳಬೇಕಾಯಿತು.

ಕಂಬಕ್ಕೆ ಕಟ್ಟಿದವರ ಇಂಥ ಯಾವುದಾದರೂ ವಿಡಿಯೊ, ಯಾರದ್ದೇ ಆಗಿರಲಿ, ನಿಮ್ಮ ಫೋನಿನಲ್ಲೂ ಇರಬಹುದು. ಈಗಲೇ ಗ್ಯಾಲರಿ ತೆಗೆದು ನೋಡಿ. ಇದ್ದರೆ ಅಳಿಸಿ.